ಹೊಗೆ ಯಾವಾಗ ಬರುತ್ತೆ?

ನಿಮ್ಮ ಮಗುವಿಗೆ ಇವತ್ತು ಸಂಜೆ ಒಂದು ಪ್ರಶ್ನೆ ಕೇಳಿ ನೋಡಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮೇಲೇಳುವುದು ಹೊಗೆಯೋ, ಹಬೆಯೋ? ನಾನು ಕೇಳಿದ ಮಕ್ಕಳಲ್ಲಿ ಸುಮಾರು ಜನ ಹೊಗೆ ಎಂದರು, ಉಳಿದವರು ಸ್ಮೋಕ್ ಎಂದರು. ಅವರದೇನೂ ತಪ್ಪಿಲ್ಲ. ಹಬೆ ಎಂಬ ಪದ ಅವರ ಕಿವಿಗೆ ಬೀಳುವ ಸಂದರ್ಭವೇ ಕಡಿಮೆ. ನಾವು ಮನೆಯಲ್ಲಿ ಆಡುವ ಕನ್ನಡವನ್ನು ಒಂದು ದಿನ ಗಮನಿಸಿ: ಊಟಕ್ಕೆ ಬಾ, ಹಲ್ಲುಜ್ಜು, ಶೂ ಹಾಕ್ಕೋ, ತಮ್ಮನ್ನ ಹೊಡೀಬೇಡ. ಎಲ್ಲವೂ ಅಪ್ಪಣೆಗಳೇ. ಅಪ್ಪಣೆಗೆ ಮಗು ತಲೆಯಾಡಿಸಿದರೆ ಸಾಕು, ಬಾಯಿ ತೆರೆಯಬೇಕಾಗಿಯೇ ಇಲ್ಲ.

ನಮ್ಮ ಮನೆಯಲ್ಲಿ ಹೊಗೆಗೂ ಹಬೆಗೂ ಇರುವ ವ್ಯತ್ಯಾಸಕ್ಕೆ 2,800 ಡಾಲರ್ ಬೆಲೆ ಬಂತು. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ. ಇದು ಕಾರಿನ ಕಥೆ. ಬಾನೆಟ್ ಎತ್ತುವ ಹವ್ಯಾಸ ನಿಮಗಿಲ್ಲದಿದ್ದರೂ ಓದಿ. ಮೆಕ್ಯಾನಿಕ್ ಹೇಳಿದ್ದಕ್ಕೆ ಹೂಂ ಅನ್ನುವ ಮೊದಲು ಏನು ಕೇಳಬೇಕು ಎಂದಾದರೂ ಗೊತ್ತಾಗುತ್ತದೆ. ಒಂಬತ್ತು ವರ್ಷದ ಹುಡುಗಿಯ ಬಾಯಿಂದ ಕನ್ನಡದಲ್ಲಿ ವಾದ ಹೊರಡಿಸಿದ ಕಥೆಯೂ ಇದರೊಳಗಿದೆ.

ನಾವಿರುವುದು ಷಿಕಾಗೋದ ವಾಯವ್ಯಕ್ಕಿರುವ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ. ನಾನು ಸಂಶೋಧಕಿ. ಪಿಎಚ್.ಡಿ. ಮಾಡಿದ್ದು ರಸಾಯನಶಾಸ್ತ್ರದಲ್ಲಿ, ಗಾಳಿಯಲ್ಲಿ ತೇಲುವ ಸಣ್ಣ ಕಣಗಳ ಮೇಲೆ. ಎಂಜಿನ್ ನನ್ನ ವಿಷಯವಲ್ಲ. ಆದರೆ ಹಾಸನದಲ್ಲಿ ನನ್ನ ಸೋದರಮಾವನ ಗ್ಯಾರೇಜ್ ಇತ್ತು, ಬೇಸಿಗೆ ರಜೆ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಿದ್ದೆ. ನಮ್ಮ ಮನೆಯ ಎರಡನೇ ಕಾರು ಹದಿನಾಲ್ಕು ವರ್ಷ ಹಳೆಯದು. ನಾಲ್ಕು ಸಿಲಿಂಡರಿನ, ಟರ್ಬೊ ಇರುವ ವ್ಯಾಗನ್. ಕಳೆದ ವರ್ಷ ಅದರ ಬೇರಿಂಗ್ ಸವೆದು ಸದ್ದು ಮಾಡತೊಡಗಿದಾಗ ಎಂಜಿನ್ ಬಿಚ್ಚಿಸಿ ಕಟ್ಟಿಸಿದೆವು. ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ವಾಲ್ವ್ ಸೀಲ್ ಹಾಕಿಸಿದ್ದಲ್ಲದೆ ಟರ್ಬೊವನ್ನೂ ಬಿಚ್ಚಿ ರಿಪೇರಿ ಮಾಡಿಸಿದ್ದೆವು. ಗಾಡಿ ಮನೆಗೆ ಬಂದ ಎರಡನೇ ತಿಂಗಳಿಗೆ ಹೊಗೆ ಶುರುವಾಯಿತು. ಎಂಜಿನ್ ಕಟ್ಟಿಕೊಟ್ಟವರಿಗೆ ತೋರಿಸಿದರೆ ಸೈಲೆನ್ಸರ್ ಕಡೆ ಒಮ್ಮೆ ನೋಡಿ, "ಟರ್ಬೊ ಹೋಗಿದೆ, ಹೊಸದು ಹಾಕಬೇಕು, 2,800 ಆಗುತ್ತೆ" ಅಂದರು. ನನ್ನವರು ಕೊಟ್ಟು ಕೈತೊಳೆದುಕೊಳ್ಳೋಣ ಅಂದರು. ನಾನು ಎರಡು ವಾರ ತಡೀರಿ ಅಂದೆ.

ತಡೆಯಲು ಕಾರಣ, ಅವರು ಕೇಳದೇ ಬಿಟ್ಟ ಒಂದು ಪ್ರಶ್ನೆ. ನಮ್ಮ ಮಾವನ ಗ್ಯಾರೇಜಿಗೆ ಹೊಗೆ ಬಿಡುವ ಗಾಡಿ ಬಂದರೆ ಅವರು ಮೊದಲು ಕೇಳುತ್ತಿದ್ದದ್ದು ಇಷ್ಟೇ: "ಯಾವಾಗ ಬರುತ್ತೆ?"

ಬಣ್ಣ ನೋಡಿದರೆ ಉರಿಯುತ್ತಿರುವುದು ಏನೆಂದು ತಿಳಿಯುತ್ತದೆ. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಗಾಳಿ ಸಾಲುತ್ತಿಲ್ಲ. ಟರ್ಬೊ ಗಾಡಿಗಳಲ್ಲಿ ಗಾಳಿಯ ಪೈಪ್ ಸೀಳಿದರೆ ಹೀಗಾಗಬಹುದು. ಬಿಳಿ ಹೊಗೆ ದಟ್ಟವಾಗಿ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಹೊಡೆದರೆ ಕೂಲೆಂಟ್ ಒಳಗೆ ಸೇರುತ್ತಿದೆ. ಹೆಡ್ ಗ್ಯಾಸ್ಕೆಟ್ ನೋಡಬೇಕು. ನೀಲಿ ಅಂದರೆ ಆಯಿಲ್. ಇನ್ನು ಚಳಿಗಾಲದ ಬೆಳಿಗ್ಗೆ ಇಲ್ಲಿ ಎಲ್ಲ ಕಾರುಗಳ ಹಿಂದೆಯೂ ಏಳುವ ಬಿಳಿ ಮೋಡ ಇದೆಯಲ್ಲ, ಅದು ಹೊಗೆಯೇ ಅಲ್ಲ, ಹಬೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತದೆ, ಬಿಸಿಯಲ್ಲಿ ಆವಿಯಾಗಿ ಹೊರಬಂದು ಚಳಿಗೆ ಹನಿಗಟ್ಟುತ್ತದೆ. ಇದನ್ನು ಹೇಳಿದಾಗ ಮಗಳು ನಂಬಲಿಲ್ಲ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಸೈಲೆನ್ಸರ್‌ನಿಂದ ಒಂದಡಿ ದೂರದಲ್ಲಿ ಹಿಡಿದು, ಅದರ ಮೇಲೆ ಕೂತ ನೀರನ್ನು ತೋರಿಸಿದ ಮೇಲೆ ಒಪ್ಪಿದಳು.

ಆಯಿಲ್ ಹೊಗೆ ಯಾಕೆ ನೀಲಿ ಎಂಬುದು ನನ್ನ ಪಾಲಿನ ಸಿಹಿ, ಸ್ವಲ್ಪ ಸಹಿಸಿಕೊಳ್ಳಿ. ಆಯಿಲ್ ನೀಲಿಯಲ್ಲ. ಬಿಸಿಗೆ ಆವಿಯಾದ ಆಯಿಲ್ ಹೊರಗೆ ಬಂದು ಮತ್ತೆ ಹನಿಗಟ್ಟುವಾಗ ಆ ಹನಿಗಳು ಬೆಳಕಿನ ಅಲೆಗಿಂತಲೂ ಸಣ್ಣದಾಗಿರುತ್ತವೆ. ಅಷ್ಟು ಸಣ್ಣ ಕಣಗಳು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತವೆ. ಆಕಾಶ ನೀಲಿ ಕಾಣುವುದೂ ಇದೇ ಲೆಕ್ಕದಲ್ಲಿ. ದೇವರ ಮನೆಯಲ್ಲಿ ಊದುಬತ್ತಿಯ ತುದಿಯಿಂದ ಏಳುವ ಎಳೆಯನ್ನು ಕಪ್ಪು ಬಾಗಿಲಿನ ಎದುರು ಹಿಡಿದು ನೋಡಿ, ನೀಲಿ ಕಾಣುತ್ತದೆ. ಅದನ್ನೇ ಬಿಸಿಲಿನ ಕಿಟಕಿಗೆ ಎದುರಾಗಿ ಹಿಡಿದರೆ ಕಂದು. ಕಾರಿನ ಹೊಗೆಗೂ ಅಷ್ಟೇ: ಹಿಂದೆ ಕಪ್ಪಗಿರುವ ಗೋಡೆಯೋ ಪೊದೆಯೋ ಇರುವ ಕಡೆ ನಿಲ್ಲಿಸಿ ನೋಡಬೇಕು. ಬೆಳ್ಳಗಿನ ಆಕಾಶದ ಎದುರು ನೋಡಿ ಬಣ್ಣ ಹೇಳುವವರ ಮಾತು ನಂಬಬೇಡಿ.

ವಾಸನೆಯೂ ಸಾಕ್ಷಿ ಹೇಳುತ್ತದೆ, ಅದಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ. ಸೀದದ್ದು, ಕಮಟಿದ್ದು, ಘಾಟು, ನಾತ. ಮಗಳು ಮೂಗು ಮುರಿದು "ಒಗ್ಗರಣೆ ಸೀದಿರೋ ವಾಸನೆ" ಅಂದಳು. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಹಾಗಾಗಿ ಉರಿಯುತ್ತಿರುವುದು ಆಯಿಲ್ ಎಂಬುದು ಖಾತ್ರಿಯಾಯಿತು. ಆದರೆ ಅದು ಎಲ್ಲಿಂದ ಒಳಗೆ ಬರುತ್ತಿದೆ ಎಂಬುದನ್ನು ಬಣ್ಣ ಹೇಳುವುದಿಲ್ಲ. ಅದಕ್ಕೆ ಹೊತ್ತು ಬೇಕು. ಮಗಳಿಗೆ ಒಂದು ನೋಟ್ ಪುಸ್ತಕ ಕೊಟ್ಟೆ. ದಿನಾಂಕ, ಹೊತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಹೊಗೆ ಇತ್ತೋ ಇಲ್ಲವೋ. ಕನ್ನಡದಲ್ಲೇ ಬರೆಯಬೇಕು ಎಂದು ಕರಾರು. ಬದಲಿಗೆ, ಹಿಂದಿನ ಸೀಟಿನಲ್ಲಿ ತಿರುಗಿ ಕೂತು ಹಿಂಬದಿ ಗಾಜಿನಿಂದ ನೋಡುವ ಹಕ್ಕು ಅವಳದು (ಸೀಟ್ ಬೆಲ್ಟ್ ಬಿಚ್ಚದೆ ಎಷ್ಟು ತಿರುಗಲು ಆಗುತ್ತದೋ ಅಷ್ಟು). ಐದು ವರ್ಷದ ತಮ್ಮನಿಗೆ ಕೂಗುವ ಕೆಲಸ.

ಈ ಹೊತ್ತಿನ ಲೆಕ್ಕವನ್ನು ನೀವೂ ತಿಳಿದಿರಿ, ಯಾವ ಪೆಟ್ರೋಲ್ ಗಾಡಿಗೂ ಉಪಯೋಗಕ್ಕೆ ಬರುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೇ ಒಂದು ನೀಲಿ ಉಸಿರು ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್ ಮೇಲೆ ಅನುಮಾನ. ರಾತ್ರಿ ಹನಿ ಹನಿಯಾಗಿ ಇಳಿದ ಆಯಿಲ್ ಬೆಳಿಗ್ಗೆ ಉರಿದುಹೋಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಜಾರಿನಲ್ಲಿ ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೂ ಅದೇ ಸೀಲ್: ಕಾಲು ತೆಗೆದಾಗ ಒಳಗೆ ಎಳೆತ ಜೋರಾಗಿ ವಾಲ್ವಿನ ಪಕ್ಕದಿಂದ ಆಯಿಲ್ ಹೀರುತ್ತದೆ. ಏರು ಹತ್ತುವಾಗ, ಹೊರೆ ಬಿದ್ದಾಗ, ಟರ್ಬೊ ಗಾಳಿ ಒತ್ತುವಾಗ ಹೊಗೆ ಬಂದರೆ ರಿಂಗ್ ನೋಡಬೇಕು. ಬಿಸಿಯಾದ ಗಾಡಿ ಸಿಗ್ನಲ್ಲಿನಲ್ಲಿ ಎರಡು ಮೂರು ನಿಮಿಷ ನಿಂತಾಗ ಹೊಗೆ ಕೂಡುತ್ತಾ ಹೋದರೆ ಟರ್ಬೊ ಕಡೆ ಬೆರಳು ತೋರುತ್ತದೆ, ಆದರೆ ಸೀಲನ್ನೂ ಪೂರ್ತಿ ಬಿಡುವಂತಿಲ್ಲ.

ಹೊಸದಾಗಿ ಕಟ್ಟಿದ ಎಂಜಿನ್‌ಗೆ ಇನ್ನೊಂದು ರಿಯಾಯಿತಿ ಕೊಡಬೇಕು. ಸಿಲಿಂಡರ್ ಗೋಡೆಯ ಮೇಲೆ ಹೋನಿಂಗ್ ಮಾಡಿದ ಸಣ್ಣ ಗೀರುಗಳಿರುತ್ತವೆ. ರಿಂಗ್ ಆ ಗೀರುಗಳಿಗೆ ಉಜ್ಜಿ ಹೊಂದಿಕೊಳ್ಳುವವರೆಗೆ, ಮೊದಲ ಕೆಲವು ನೂರು ಮೈಲಿ, ಅಲ್ಪಸ್ವಲ್ಪ ಆಯಿಲ್ ಉರಿಯುವುದು ಸಹಜ. ನಮ್ಮ ಕಡೆ ಇದಕ್ಕೇ ರನ್ನಿಂಗ್ ಇನ್ ಅನ್ನುತ್ತಿದ್ದರು. ಆಗ ಗಾಡಿಯನ್ನು ತೀರಾ ಮುದ್ದು ಮಾಡಿ ಓಡಿಸಿದರೆ ಕೆಡುಕು. ರಿಂಗನ್ನು ಗೋಡೆಗೆ ಒತ್ತುವುದು ಉರಿಯುವ ಅನಿಲದ ಒತ್ತಡವೇ, ಹಾಗಾಗಿ ಒಂದಿಷ್ಟು ಹೊರೆ ಬೀಳಬೇಕು. ನಮ್ಮದು ಆ ಹಂತ ದಾಟಿ ಸಾವಿರದ ಐನೂರು ಮೈಲಿ ಆಗಿತ್ತು. 700 ಮೈಲಿಗೆ ಒಂದು ಕ್ವಾರ್ಟ್, ಅಂದರೆ ಲೀಟರಿಗೆ ಸ್ವಲ್ಪ ಕಮ್ಮಿ, ಆಯಿಲ್ ಮಾಯ. ಸಾವಿರ ಮೈಲಿಗೆ ಒಂದು ಕ್ವಾರ್ಟ್ ಕುಡಿದರೂ ಪರವಾಗಿಲ್ಲ ಎಂದು ಹಲವು ಕಂಪನಿಗಳು ಹೇಳುತ್ತವೆ. ನನ್ನ ಪ್ರಕಾರ ಅದು ವಾರಂಟಿ ಇಲಾಖೆಯವರ ಲೆಕ್ಕ. (ಊರಿಗೆ ಫೋನಿನಲ್ಲಿ "ಗಾಡಿ ಎಣ್ಣೆ ಕುಡೀತಿದೆ" ಎಂದಾಗ ಅಮ್ಮ ಕೇಳಿದ್ದು, "ಗಾಡಿ ಓಡಿಸೋರು ತಾನೇ ಕುಡೀತಿಲ್ಲ?")

ಆಯಿಲ್ ಕಮ್ಮಿಯಾದರೆ ಅದು ಹೋಗುವುದಕ್ಕೆ ಎರಡೇ ದಾರಿ. ಹೊರಗೆ ಸೋರಬೇಕು, ಇಲ್ಲ ಒಳಗೆ ಉರಿಯಬೇಕು. ರಾತ್ರಿ ಕಾರಿನ ಕೆಳಗೆ ದೊಡ್ಡ ಕಾರ್ಡ್‌ಬೋರ್ಡ್ ಹಾಸಿದೆವು. ಬೆಳಿಗ್ಗೆ ಮಗಳು ನೋಡಿ ಬಂದು ಹೇಳಿದ ವಾಕ್ಯವನ್ನು ನಾನು ಮರೆಯುವುದಿಲ್ಲ: "ಸೋರಿದ್ರೆ ಕೆಳಗೆ ಬೀಳ್ಬೇಕಿತ್ತು. ಬಿದ್ದಿಲ್ಲ. ಸೋ, ಉರಿದಿದೆ."

ಮಧ್ಯದ ಆ "ಸೋ" ಇರಲಿ ಬಿಡಿ. ಅದರ ಹಿಂದಿರುವ "ಬೀಳ್ಬೇಕಿತ್ತು" ನೋಡಿ. ಹೀಗಿದ್ದಿದ್ದರೆ ಹಾಗಾಗಬೇಕಿತ್ತು, ಆಗಲಿಲ್ಲ, ಆದ್ದರಿಂದ ಹೀಗಿಲ್ಲ ಎಂಬ ಈ ಕಟ್ಟು ನಮ್ಮ ಮಕ್ಕಳ ಕನ್ನಡದಿಂದ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುತ್ತದೆ. ನಮ್ಮ ಮನೆಯಲ್ಲಂತೂ ಹಾಗಾಗಿತ್ತು. ಮಗಳಿಗೆ ಯುಗಾದಿಯ ದಿನ ಕೂಟದ ವೇದಿಕೆಯ ಮೇಲೆ ಹಾಡು ಹೇಳಲು ಬರುತ್ತದೆ, ಅಜ್ಜಿಗೆ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಲು ಬರುತ್ತದೆ. ಯಾಕೆ ಎಂಬ ಪ್ರಶ್ನೆ ಹುಟ್ಟಿದ ಕೂಡಲೇ ಮಾತ್ರ ಇಂಗ್ಲಿಷಿಗೆ ಹಾರುತ್ತಿದ್ದಳು. ಎರಡನೇ ಕ್ಲಾಸಿನಿಂದ ಅವಳು ಕಾರಣ ಕಲಿತಿರುವುದೆಲ್ಲ ಇಂಗ್ಲಿಷಿನಲ್ಲೇ ತಾನೇ. ಯೋಚನೆ ಇಂಗ್ಲಿಷಿನದು, ಅಪ್ಪಣೆ ಕನ್ನಡದ್ದು ಎಂಬ ಈ ಪಾಲು ಒಮ್ಮೆ ಗಟ್ಟಿಯಾದರೆ ಹದಿನೈದರ ಹರೆಯದಲ್ಲಿ ಕನ್ನಡಕ್ಕೆ ಉಳಿಯುವುದು ಏನು ಎಂಬುದೇ ನನ್ನ ಭಯ. ಟರ್ಬೊಗೆ ಕೊಡಬೇಕಾದ ದುಡ್ಡಿಗಿಂತ ಅದು ದೊಡ್ಡದು.

ಎಂಜಿನ್ ವಿಷಯವನ್ನು ಕನ್ನಡದಲ್ಲಿ ಹೇಗೆ ಮಾತಾಡುವುದು ಎಂದು ಹಿಂಜರಿಯುವವರಿಗೆ ಹಾಸನದ ಗ್ಯಾರೇಜಿನಿಂದ ಉತ್ತರ ಇದೆ. ಅಲ್ಲಿ ಯಾರೂ ಪಿಸ್ಟನ್‌ಗೆ ಕನ್ನಡ ಪದ ಹುಡುಕುತ್ತಾ ಕೂರುತ್ತಿರಲಿಲ್ಲ. ರಿಂಗ್ ಸವೆದಿದೆ, ಹೆಡ್ ಬಾಗಿದೆ, ಬೋಲ್ಟ್ ಕಚ್ಕೊಂಡಿದೆ, ಕ್ಲಚ್ ಜಾರ್ತಿದೆ, ಬ್ರೇಕ್ ಹಿಡೀತಿಲ್ಲ. ವಸ್ತುವಿನ ಹೆಸರು ಎಲ್ಲಿಂದಲೋ ಬಂದಿರುತ್ತದೆ, ಅದಕ್ಕೆ ಏನಾಗಿದೆ ಎಂದು ಹೇಳುವ ಪದ ನಮ್ಮದು. ದ್ರವ ಹೊರಬರುವುದನ್ನೇ ತೆಗೆದುಕೊಳ್ಳಿ. ಸೋರುವುದು ಬೇರೆ, ಜಿನುಗುವುದು ಬೇರೆ, ಒಸರುವುದು ಬೇರೆ, ತೊಟ್ಟಿಕ್ಕುವುದು ಬೇರೆ, ಉಕ್ಕುವುದು ಬೇರೆ. ಪತ್ತೆ ಹಚ್ಚುವವರಿಗೆ ಇವು ಐದು ಬೇರೆ ಬೇರೆ ಸುಳಿವುಗಳು. ನಮ್ಮ ವಾಲ್ವ್ ಕವರ್ ಅಂಚಿನಲ್ಲಿ ಒಸರಿತ್ತು, ತೊಟ್ಟಿಕ್ಕುತ್ತಿರಲಿಲ್ಲ. 700 ಮೈಲಿಗೆ ಒಂದು ಕ್ವಾರ್ಟ್ ಕಳೆಯಲು ಒಸರುವುದು ಸಾಲದು ಎಂದು ಮಗಳಿಗೇ ಹೊಳೆಯಿತು.

ಪುಸ್ತಕದಲ್ಲಿ ಹನ್ನೆರಡು ದಿನ ತುಂಬುವಷ್ಟರಲ್ಲಿ ಚಿತ್ರ ತಿಳಿಯಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ, ವಾಸನೆ ಇಲ್ಲ, ಬೇಗ ಮಾಯ. ಐ-90 ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಏನೂ ಇಲ್ಲ. ಹಿಗಿನ್ಸ್ ರಸ್ತೆಯ ಉದ್ದನೆಯ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ನಿಧಾನವಾಗಿ ನೀಲಿ ಬೂದು ಹೊಗೆ. ಹಸಿರು ದೀಪ ಬಂದು ಹೊರಟಾಗ ಹಿಂದಿನ ಕಾರಿನವರು ಕಾಣದಷ್ಟು.

ಇನ್ನು ಸೀಲ್ ಅನ್ನು ಖುಲಾಸೆ ಮಾಡಬೇಕಿತ್ತು. ಅದಕ್ಕೆ ಇಳಿಜಾರು ಬೇಕು. ಇಲಿನಾಯ್ ರಾಜ್ಯದಲ್ಲಿ ಶಿರಾಡಿ ಘಾಟಿ ಎಲ್ಲಿಂದ ತರುವುದು? ಒಂದು ಕಾಲದಲ್ಲಿ ಸಿಯರ್ಸ್ ಕಂಪನಿಯ ಮುಖ್ಯ ಕಚೇರಿ ಇದ್ದ ಪ್ರೈರೀ ಸ್ಟೋನ್ ಕಡೆಯ ಅಗಲ ರಸ್ತೆ ಭಾನುವಾರ ಬೆಳಿಗ್ಗೆ ಖಾಲಿ ಇರುತ್ತದೆ. ಅಲ್ಲಿ ಗೇರ್ ಇಳಿಸಿ, ಆಕ್ಸಿಲರೇಟರ್ ಬಿಟ್ಟು, ಎಂಜಿನ್ನೇ ಗಾಡಿಯನ್ನು ತಡೆಯುವಂತೆ 45 ಮೈಲಿಯಿಂದ 15ಕ್ಕೆ ಇಳಿಸಿ ಮತ್ತೆ ಒತ್ತಿದೆ. "ಬಂತಾ?" "ಬಂದಿಲ್ಲಾ!" ನಾಲ್ಕು ಸಲ ಮಾಡಿದರೂ ಬರಲಿಲ್ಲ. ಬೆಳಗಿನ ನೀಲಿ ಉಸಿರೂ ಇಲ್ಲ, ಇದೂ ಇಲ್ಲ. ವಾಲ್ವ್ ಸೀಲ್ ಮನೆಗೆ ಹೋಯಿತು.

ಆಮೇಲೆ ಸ್ಪಾರ್ಕ್ ಪ್ಲಗ್. ಇಡೀ ಪತ್ತೆದಾರಿಯಲ್ಲಿ ಹತ್ತು ನಿಮಿಷಕ್ಕೆ ಇಷ್ಟು ಲಾಭ ಕೊಡುವ ಕೆಲಸ ಬೇರೊಂದಿಲ್ಲ. ಎಂಜಿನ್ ತಣ್ಣಗಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಗೊತ್ತಾಗುವಂತೆ ಸಾಲಾಗಿ ಇಡಿ. ಒಂದೇ ಪ್ಲಗ್ ಆಯಿಲಿನಿಂದ ಕಪ್ಪಗೆ ಒದ್ದೆಯಾಗಿದ್ದರೆ ರೋಗ ಆ ಸಿಲಿಂಡರಿನದು, ರಿಂಗೋ ವಾಲ್ವೋ ಎಂದು ನೋಡಿಕೊಳ್ಳಿ. ನಾಲ್ಕೂ ಒದ್ದೆಯಿದ್ದರೆ ನಾಲ್ಕಕ್ಕೂ ಹಂಚಿಹೋಗುವ ದಾರಿಯಿಂದ, ಅಂದರೆ ಒಳಗೆ ಬರುವ ಗಾಳಿಯ ಜೊತೆ ಆಯಿಲ್ ಬರುತ್ತಿದೆ. ನಮ್ಮವು ನಾಲ್ಕೂ ಒಣಗಿ ಬಿಸ್ಕತ್ತಿನ ಬಣ್ಣಕ್ಕಿದ್ದವು. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾವನ್ನು ಪ್ಲಗ್ಗಿನ ತೂತಿನಿಂದ ಇಳಿಸಿ ಪಿಸ್ಟನ್ ತಲೆಯನ್ನೂ ನೋಡಿದೆವು. ಆಯಿಲ್ ಏರಿ ಬರುತ್ತಿದ್ದರೆ ಅಂಚು ತೊಳೆದಂತೆ ಹೊಳೆಯುತ್ತದೆ. ಹೊಳಪಿರಲಿಲ್ಲ.

"ಹಾಗಾದ್ರೆ ಒಳಗೆ ಉರೀತಾನೇ ಇಲ್ಲ!" ಎಂದಳು ಮಗಳು, ಕೋಪದಲ್ಲಿ. ಎರಡು ವಾರ ಉರಿದಿದೆ ಉರಿದಿದೆ ಎಂದು ಬರೆದಿದ್ದಳಲ್ಲ.

ಆ ರಾತ್ರಿ ನೋವೈಗೆ ಫೋನ್ ಹೋಯಿತು. ನನ್ನ ಅಕ್ಕ ಭಾವ ಅಲ್ಲಿದ್ದಾರೆ, ಡೆಟ್ರಾಯಿಟ್ ಪಕ್ಕ, ನಮ್ಮಿಂದ ಐದು ಗಂಟೆಯ ದಾರಿ. ಭಾವ ಎಂಜಿನ್ ಪರೀಕ್ಷಿಸುವ ಕೆಲಸದಲ್ಲೇ ಇರುವವರು. ಅವರ ಹತ್ತಿರ ಟರ್ಬೊ ಎಂದರೆ 1905ರಲ್ಲಿ ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ ಪೇಟೆಂಟ್ ಪಡೆದದ್ದರಿಂದ ಶುರು ಮಾಡಿ, 1962ರಲ್ಲಿ ಅಮೆರಿಕದಲ್ಲಿ ಮೊದಲು ಟರ್ಬೊ ಹಾಕಿ ಮಾರಿದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಷೆವರ್ಲೆ ಕಾರ್ವೇರ್ ಎರಡನ್ನೂ ಹೊಗಳಿ ಆಮೇಲೆ ವಿಷಯಕ್ಕೆ ಬರುತ್ತಾರೆ. ಜೆಟ್‌ಫೈರ್‌ಗೆ ನೀರು, ಮೆಥನಾಲ್ ಬೆರೆಸಿದ ವಿಶೇಷ ದ್ರವವನ್ನು ಬೇರೆಯಾಗಿ ತುಂಬಿಸಬೇಕಿತ್ತಂತೆ, ಜನ ಮರೆತುಬಿಡುತ್ತಿದ್ದರಂತೆ. ಮಗಳು ಸ್ಪೀಕರ್‌ನಲ್ಲಿ ಅಡ್ಡ ಬಂದಳು: "ದೊಡ್ಡಪ್ಪಾ, ಪ್ಲಗ್ ಒಣಗಿದೆ. ಆದ್ರೂ ಹೊಗೆ ಬರುತ್ತೆ. ಯಾಕೆ?"

ದೊಡ್ಡಪ್ಪ ಕೇಳಿದರು, "ಹಾಸನದಲ್ಲಿ ಅಜ್ಜಿ ಮನೆ ಬಚ್ಚಲು ನೋಡಿದ್ದೀಯಲ್ಲ ಪುಟ್ಟಿ?"

ಅವರು ಹೇಳಿದ್ದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟರ್ಬೊ ಅಂದರೆ ಒಂದು ಸರಳು, ಅದರ ಎರಡು ತುದಿಗೆ ಎರಡು ಫ್ಯಾನು. ಎಂಜಿನ್ ಉಗುಳಿದ ಬಿಸಿ ಅನಿಲ ಒಂದನ್ನು ತಿರುಗಿಸುತ್ತದೆ, ಅದರ ಬಲದಿಂದ ಇನ್ನೊಂದು ತಿರುಗಿ ಎಂಜಿನ್ನಿಗೆ ಗಾಳಿ ಒತ್ತುತ್ತದೆ. ಸರಳು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಆಯಿಲಿನ ಒಂದು ತೆಳು ಪದರ. ಆಯಿಲ್ ಸಣ್ಣ ಪೈಪಿನಿಂದ ಒತ್ತಡದಲ್ಲಿ ಬರುತ್ತದೆ, ಕೆಲಸ ಮುಗಿಸಿ ನೊರೆಯಾಗಿ, ಯಾವ ಒತ್ತಡವೂ ಇಲ್ಲದೆ, ತನ್ನ ಭಾರಕ್ಕೆ ತಾನೇ ಒಂದು ದಪ್ಪ ಪೈಪಿನಿಂದ ಕೆಳಗಿನ ಸಂಪ್‌ಗೆ ಇಳಿಯುತ್ತದೆ. ನಲ್ಲಿ ಸಣ್ಣದು, ಬಚ್ಚಲ ಕಂಡಿ ದೊಡ್ಡದು. ಈಗ ಸೀಲ್ ವಿಷಯ. ಸರಳಿನ ತುದಿಗಳಲ್ಲಿ ಆಯಿಲನ್ನು ಹಿಡಿದಿಡುವುದು ರಬ್ಬರ್ ಅಲ್ಲ, ಆ ಬಿಸಿ ಮತ್ತು ವೇಗಕ್ಕೆ ರಬ್ಬರ್ ತಡೆಯುವುದಿಲ್ಲ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಲೋಹದ ಸಣ್ಣ ಬಳೆ. ಅದು ಬಚ್ಚಲಿನ ಹೊಸ್ತಿಲ ಹಾಗೆ. ನೀರು ಸರಾಗವಾಗಿ ಇಳಿದುಹೋಗುತ್ತಿದ್ದರೆ ಎರಡು ಇಂಚಿನ ಹೊಸ್ತಿಲು ಸಾಕು. ಕಂಡಿಗೆ ಕೂದಲು ಸಿಕ್ಕಿ ಕಟ್ಟಿಕೊಂಡರೆ ನೀರು ಹೊಸ್ತಿಲು ದಾಟಿ ನಡುಮನೆಗೆ ಬರುತ್ತದೆ. ಆಗ ಹೊಸ್ತಿಲು ಕೆಟ್ಟಿದೆ ಎಂದು ಕಿತ್ತು ಹೊಸದು ಹಾಕಿಸಿದರೆ ಏನಾಗುತ್ತದೆ?

"ನೀರು ಮತ್ತೆ ಬರುತ್ತೆ," ಎಂದಳು ಪುಟ್ಟಿ. "ಕೂದ್ಲು ತೆಗೀಬೇಕು."

ಟರ್ಬೊ ಬದಲಿಸಿದ ಮೇಲೂ ಹೊಗೆ ನಿಲ್ಲದೆ, ಆ ಹೊಸ ಟರ್ಬೊವನ್ನೂ ಬೈದು ಇನ್ನೊಂದು ತರಿಸುವವರ ಕಥೆಗಳ ಹಿಂದೆ ಎಷ್ಟೋ ಸಲ ಇಷ್ಟೇ ಇರುತ್ತದೆ. ಆಯಿಲ್ ಇಳಿಯದಿರುವುದಕ್ಕೆ ಕಾರಣಗಳು ಒಂದಷ್ಟಿವೆ. ಪೈಪ್ ಮಡಚಿರಬಹುದು, ಇಳಿಜಾರು ಸಾಲದಿರಬಹುದು. ಆಯಿಲ್ ಅತಿಯಾಗಿ ತುಂಬಿಸಿ ಪೈಪಿನ ಬಾಯಿ ಸಂಪಿನಲ್ಲಿ ಮುಳುಗಿರಬಹುದು. ಅಥವಾ ಎಂಜಿನ್ ಹೊಟ್ಟೆಯೊಳಗೆ ಒತ್ತಡ ಕೂಡಿಕೊಂಡು ಕೆಳಗಿನಿಂದಲೇ ತಡೆಯುತ್ತಿರಬಹುದು. ರಿಂಗ್ ಸವೆದಾಗ, ಇಲ್ಲವೇ ಆ ಗಾಳಿಯನ್ನು ಹೊರಹಾಕುವ ಪಿಸಿವಿ ವಾಲ್ವ್ ಕಟ್ಟಿದಾಗ ಹೀಗಾಗುತ್ತದೆ. ನಮ್ಮ ಮಾವ ಇದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತಿದ್ದರು. ಆಯಿಲ್ ಹಾಕುವ ಮುಚ್ಚಳ ತೆಗೆದು, ಹೊಗೆ ಎಷ್ಟು ಜೋರಾಗಿ ಮೇಲೆ ಬರುತ್ತದೆ ಎಂದು ಅಂಗೈ ಅಡ್ಡ ಹಿಡಿದು ನೋಡಿ, "ಬೋರಿಂಗಿಗೆ ಬಂದಿದೆ" ಎಂದು ತೀರ್ಪು ಕೊಡುತ್ತಿದ್ದರು. ಅವರು ತೀರ್ಪು ಕೊಡದೆ ಬಿಡುತ್ತಿದ್ದದ್ದು ಎರಡು ಸ್ಟ್ರೋಕಿನ ಯೆಜ್ಡಿಗಳಿಗೆ ಮಾತ್ರ. 1996ರವರೆಗೆ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಬೈಕ್ ಅದು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ ಎಂಜಿನ್, ನೀಲಿ ಹೊಗೆ ಅದರ ಹುಟ್ಟುಗುಣ.

ಅಂಗೈ ನನಗೆ ಸಾಲದು, ಅಳತೆ ಬೇಕು. ಆಯಿಲ್ ತುಂಬಿಸುವ ಬಾಯಿಗೆ ಸರಿಹೊಂದುವ ರಬ್ಬರ್ ಬಿರಡೆ ತಂದು, ನಡುವೆ ತೂತು ಕೊರೆದು, ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ, ಅದನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿದೆವು. ಒಳಗೆ ಅರಿಶಿನ ಬೆರೆಸಿದ ನೀರು. ಬಣ್ಣ ಮಗನ ಆಯ್ಕೆ. ನೀರು ಎಂಜಿನ್ನಿನೊಳಗೆ ಸೇರದಷ್ಟು ಉದ್ದವಾಗಿ ನಳಿಕೆ ಇರಬೇಕು, ಇದು ಮುಖ್ಯ. ಎಂಜಿನ್ ನಿಂತಲ್ಲೇ ಓಡುವಾಗ ಒತ್ತಡ ಇದ್ದರೆ ನೀರು ಹೊರಕ್ಕೆ ತಳ್ಳಿಸಿಕೊಳ್ಳಬೇಕು. ನಮ್ಮದು ಎರಡು ಇಂಚು ಒಳಕ್ಕೇ ಎಳೆಸಿಕೊಂಡಿತು. ಆರೋಗ್ಯವಾದ ಎಂಜಿನ್ ಹಾಗೆಯೇ ಮಾಡಬೇಕು. ಕಂಪ್ರೆಷನ್ ಕೂಡ ನೋಡಿದೆವು, ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರವಿತ್ತು. ಒಂದು ಮಾತು ನೆನಪಿಡಿ: ಕಂಪ್ರೆಷನ್ ಪರೀಕ್ಷೆ ಮೇಲಿನ ರಿಂಗುಗಳ ಕಥೆಯನ್ನಷ್ಟೇ ಹೇಳುತ್ತದೆ. ಆಯಿಲ್ ಕೆರೆದು ಇಳಿಸುವ ಕೆಳಗಿನ ರಿಂಗ್ ಕೆಟ್ಟಿದ್ದರೂ ಅಂಕಿ ಚೆನ್ನಾಗಿಯೇ ಬರಬಹುದು. ನಮಗೆ ಆ ಅನುಮಾನವನ್ನು ಕಳೆದದ್ದು ಒಣ ಪ್ಲಗ್ಗುಗಳು.

ಮಕ್ಕಳ ಜೊತೆ ಇದನ್ನೆಲ್ಲ ಮಾಡುವವರಿಗೆ ಎರಡು ಎಚ್ಚರಿಕೆ. ಎಂಜಿನ್ ಓಡಿಸುವ ಯಾವ ಪರೀಕ್ಷೆಯೂ ಗ್ಯಾರೇಜಿನೊಳಗೆ ಬೇಡ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿ ಎಷ್ಟಿದ್ದರೂ ಡ್ರೈವ್‌ವೇಯಲ್ಲೇ ಮಾಡಿ. ಗಾಡಿ ಎತ್ತಿದಾಗ ಮಕ್ಕಳ ಜಾಗ ಹುಲ್ಲಿನ ಮೇಲೆ, ಟಾರ್ಚ್ ಹಿಡಿಯುವ ನೆಪದಲ್ಲೂ ಕೆಳಗೆ ಬರಕೂಡದು. ನಾವು ಜ್ಯಾಕ್ ನಂಬದೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದ್ದೆವು.

ಎಕ್ಸಾಸ್ಟ್ ಪೈಪನ್ನು ಟರ್ಬೊದಿಂದ ಬಿಚ್ಚಲು ಎರಡು ದಿನ ಹಿಡಿಯಿತು. ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವ ಊರು ಇದು, ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬೆಳಿಗ್ಗೆ ಪ್ರಯತ್ನ, ಮತ್ತೆ ರಾತ್ರಿ ಎಣ್ಣೆ. ಕೊನೆಗೆ ಬಿಚ್ಚಿ ನೋಡಿದಾಗ ಟರ್ಬೊದ ಬಿಸಿ ಫ್ಯಾನಿನ ಹಿಂದೆ ಒದ್ದೆ ಕಪ್ಪು ಕೆಸರು. ಆಯಿಲ್ ಸಿಲಿಂಡರ್ ದಾಟಿದ ಮೇಲೆ, ಬಿಸಿ ಪೈಪಿನಲ್ಲಿ ಬಿದ್ದು ಬೇಯುತ್ತಿತ್ತು. ಪ್ಲಗ್ ಒಣಗಿದ್ದದ್ದು ಇದಕ್ಕೇ. ಸರಳನ್ನು ಹಿಡಿದು ಹಿಂದೆ ಮುಂದೆ ಎಳೆದೆ, ಆಟ ಇರಲಿಲ್ಲ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿತು, ಅದು ಇರಬೇಕಾದದ್ದೇ. ಬೇರಿಂಗ್ ಚೆನ್ನಾಗಿದೆ. ಉಳಿದದ್ದು ಬಚ್ಚಲ ಕಂಡಿ.

ಇಳಿಪೈಪಿನ ಎರಡು ಬೋಲ್ಟ್ ಬಿಚ್ಚಿ ಅದನ್ನು ಹೊರತೆಗೆದ ನನ್ನವರು ಒಂದು ನಿಮಿಷ ಮಾತಾಡಲಿಲ್ಲ. ಗ್ಯಾಸ್ಕೆಟ್ ಇರಬೇಕಾದ ಕಡೆ ಕೆಂಪು ಸಿಲಿಕೋನ್ ಅಂಟು ಮೆತ್ತಿದ್ದರು. ಬೋಲ್ಟ್ ಬಿಗಿದಾಗ ಅದು ಒಳಕ್ಕೆ ಉಬ್ಬಿ ಗಟ್ಟಿಯಾಗಿ, ಹೆಬ್ಬೆರಳು ಹೋಗುವಷ್ಟು ಇರಬೇಕಾದ ದಾರಿಯಲ್ಲಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ಹೆದ್ದಾರಿಯಲ್ಲಿ ಅನಿಲದ ಒತ್ತಡ ಸೀಲಿನ ಹೊರಗಿನಿಂದ ಆಯಿಲನ್ನು ತಡೆದು ನಿಲ್ಲಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಆ ಒತ್ತಡ ಇಳಿದ ಕೂಡಲೇ ಕಟ್ಟಿಕೊಂಡ ಆಯಿಲ್ ಹೊಸ್ತಿಲು ದಾಟುತ್ತಿತ್ತು. ಮಗಳ ಪುಸ್ತಕದ ಒಂದೊಂದು ಸಾಲಿಗೂ ಇದರಲ್ಲಿ ಅರ್ಥ ಸಿಕ್ಕಿತು.

ಅಂಟು ಕೆರೆದು, ಸರಿಯಾದ ಲೋಹದ ಗ್ಯಾಸ್ಕೆಟ್ ಹಾಕಿ, ಎಕ್ಸಾಸ್ಟ್‌ಗೂ ಹೊಸ ಗ್ಯಾಸ್ಕೆಟ್ ಕೊಟ್ಟು ಕಟ್ಟಿದೆವು. ಒಟ್ಟು ಖರ್ಚು ನಲವತ್ತು ಡಾಲರಿನೊಳಗೆ, ಜೊತೆಗೆ ನನ್ನವರ ಒಂದು ಜೊತೆ ಬಟ್ಟೆ. ಎಂಜಿನ್ ಕಟ್ಟಿದವರಿಗೆ ಆ ಕೆಂಪು ಬಳೆಯ ಫೋಟೊ ಕಳಿಸಿದೆವು. "ಹಾಗಿರಲಿಕ್ಕಿಲ್ಲ" ಎಂದು ಉತ್ತರ ಬಂತು. ಮಗಳಿಗೆ ಓದಿ ಹೇಳಿದಾಗ ಅವಳಿಗೆ ನಗು ತಡೆಯಲಿಲ್ಲ.

ಇಂಥ ರಿಪೇರಿ ಮಾಡಿಸಿದವರು ಒಂದು ವಿಷಯಕ್ಕೆ ಸಿದ್ಧರಾಗಿರಿ. ಹೊಗೆ ಅದೇ ದಿನ ನಿಲ್ಲುವುದಿಲ್ಲ. ಸೈಲೆನ್ಸರಿನೊಳಗೆ ತಿಂಗಳುಗಟ್ಟಲೆ ಸೇರಿದ ಆಯಿಲ್ ಬೆಂದು ಮುಗಿಯಬೇಕು. ನಮಗೆ ಆರು ದಿನ ಬೇಕಾಯಿತು, ಮೊದಲ ಎರಡು ದಿನ ಮುಂಚಿಗಿಂತ ಹೆಚ್ಚೇ ಬಂತು. ಆಗ ಧೈರ್ಯಗೆಟ್ಟು ಮತ್ತೆ ಬಿಚ್ಚಬೇಡಿ. ಮಗಳು ಅದಕ್ಕೆ ಪುಸ್ತಕದಲ್ಲಿ "ಹಳೇ ಹೊಗೆ" ಎಂದು ಬೇರೆ ಅಂಕಣ ಮಾಡಿದಳು, ಕೇಳದೆಯೇ.

ಆ ಅಂಕಣ ಖಾಲಿಯಾದ ಮೇಲೆ ಈಗ 1,100 ಮೈಲಿ ಆಗಿದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಮೇಲಿನ ಗೆರೆಯಿಂದ ಒಂದು ಅಕ್ಕಿಕಾಳಿನಷ್ಟು ಇಳಿದಿದೆ. ಉಳಿದಿರುವ ಚಿಂತೆ ಕ್ಯಾಟಲಿಟಿಕ್ ಕನ್ವರ್ಟರ್‌ನದು. ಆಯಿಲಿನಲ್ಲಿರುವ ರಂಜಕ ಅದರ ಮೇಲೆ ಪದರ ಕಟ್ಟಿ ನಿಧಾನವಾಗಿ ಕೊಲ್ಲುತ್ತದೆ, ನಾವು ಕುಡಿಸಿದ್ದು ಸ್ವಲ್ಪವೇನಲ್ಲ. ಮಿಷಿಗನ್‌ನಲ್ಲಿ ಎಮಿಷನ್ ಪರೀಕ್ಷೆಯೇ ಇಲ್ಲ ಎಂದು ಭಾವ ಚುಡಾಯಿಸುತ್ತಾರೆ. ಇಲ್ಲಿ ಎರಡು ವರ್ಷಕ್ಕೊಮ್ಮೆ ಹೋಗಬೇಕು, ಹೋದರೆ ಅವರು ಸೈಲೆನ್ಸರ್ ಕಡೆ ನೋಡುವ ಬದಲು ಕಾರಿನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಅದು ಏನು ಹೇಳುತ್ತದೆ ಎಂದು ಓದುತ್ತಾರೆ. ನಮ್ಮ ಸರದಿ ಮಾರ್ಚ್‌ನಲ್ಲಿ. "ಹೊಗೆ ನೋಡದೇ ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಮಗಳು ಕೇಳಿದ್ದಾಳೆ. ಕನ್ವರ್ಟರಿನ ಹಿಂದೊಂದು, ಮುಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ ಎಂಬಲ್ಲಿಗೆ ಬಂದಿದ್ದೇವೆ. ಮುಂದಿನದನ್ನು ಶನಿವಾರ ಹೇಳುತ್ತೇನೆ ಎಂದಿದ್ದೇನೆ.